ಎರಡಡಿ ನಾಲ್ಕಡಿ ಹಲಗೆಗೆ, ನಿಲ್ಲದೆ ಓಡುವ ಇಂಜಿನ್ ಯಾವುದು?

ಗುಬ್ಬಿಗೇಟ್, ತುಮಕೂರು

ಎಲ್ಲರಿಗೂ ನಮಸ್ಕಾರ. ಮಹಡಿ ಕೋಣೆಯಲ್ಲಿ ಗೋಡೆಗೆ ಒತ್ತಿ ಎರಡಡಿ ಅಗಲ, ನಾಲ್ಕಡಿ ಉದ್ದದ ಪ್ಲೈವುಡ್ ಕೂರಿಸಿದ್ದೇನೆ. ಅದರ ಮೇಲೆ ಮಾಡೆಲ್ ರೈಲು ಓಡಬೇಕು. ಒಂದು ಸುತ್ತು ಹಳಿ, ರೈಲು ದಾರಿ ಬದಲಿಸುವ ಎರಡು ಪಾಯಿಂಟ್, ಒಂದು ಪುಟ್ಟ ಸ್ಟೇಷನ್, ಅಷ್ಟೇ ಆಸೆ. ಒಂಬತ್ತು ವರ್ಷದ ಮಗಳೂ ಜೊತೆಗಿದ್ದಾಳೆ. ನಮ್ಮ ತಂದೆ ಮೀಟರ್ ಗೇಜ್ ಕಾಲದಲ್ಲಿ ಅರಸೀಕೆರೆಗೆ ಹೋಗಿಬಂದ ಕಥೆ ಹೇಳಿ ಹೇಳಿ ಅವಳಿಗೂ ರೈಲಿನ ಹುಚ್ಚು ಹಿಡಿಸಿದ್ದಾರೆ.

ಹೋದ ವರ್ಷ ಒಂದು ಪೆಟ್ಟು ತಿಂದಿದ್ದೇನೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಯಾರೋ ಆನ್‌ಲೈನ್‌ನಲ್ಲಿ ಮಾರುತ್ತಿದ್ದ ಹಳೆಯ ಎಚ್‌ಒ ಇಂಜಿನ್ ಕೊಂಡೆ. ಆರು ಆಕ್ಸಲ್‌ನದು, ಅಂದರೆ ಆರು ಜೋಡಿ ಚಕ್ರದ್ದು, ಕಣ್ಣು ಕೀಳಲಾಗದಷ್ಟು ಚೆಂದ. ನಡುಮನೆಯ ನೆಲದ ಮೇಲೆ ಹಳಿ ಹಾಸಿ ಓಡಿಸಿದೆವು. ಮೂರನೇ ದಿನದಿಂದ ಕುಂಟತೊಡಗಿತು, ಚಕ್ರ ಒಂದು ಸುತ್ತು ಬಂದಾಗಲೆಲ್ಲ ‘ಟಕ್’ ಅನ್ನುತ್ತಿತ್ತು. ಪಾಯಿಂಟ್ ಮೇಲೆ ಬಂದರೆ ಸತ್ತು ನಿಲ್ಲುತ್ತಿತ್ತು. ಮಗಳು ಪ್ರತಿ ಸಲವೂ ಬೆರಳಿನಿಂದ ತಳ್ಳುತ್ತಿದ್ದಳು. ಹತ್ತು ದಿನಕ್ಕೆ ತಳ್ಳುವುದನ್ನೂ ಬಿಟ್ಟಳು. ಆ ಇಂಜಿನ್ ಈಗ ಅಲ್ಮೇರಾದಲ್ಲಿದೆ.

ಈ ಸಲ ಇಂಜಿನ್‌ಗೆ ಹನ್ನೆರಡು ಸಾವಿರದವರೆಗೆ ಎತ್ತಿಟ್ಟಿದ್ದೇನೆ. ಯಾವ ಸ್ಕೇಲ್, ಯಾವ ಬಗೆಯ ಇಂಜಿನ್, ಕೊಳ್ಳುವ ಮುಂಚೆ ಏನು ನೋಡಬೇಕು? ದಯವಿಟ್ಟು ಬಿಡಿಸಿ ಹೇಳಿ.

ನಂದಿಹಾಲ್ಟ್, ಚಿಕ್ಕಬಳ್ಳಾಪುರ

ಅಣ್ಣ, ಮೊದಲು ಅಳತೆ. ಎಚ್‌ಒ ಅಂದರೆ 1:87, ನಿಜದ ರೈಲಿನ 87ರಲ್ಲಿ ಒಂದು ಪಾಲು, ಹಳಿಯ ಅಗಲ 16.5 ಮಿ.ಮೀ. ಇದರಲ್ಲಿ ಸಾಮಾನ್ಯವಾಗಿ ಸಿಗುವ ಅತಿ ಬಿಗಿ ತಿರುವಿನ ತ್ರಿಜ್ಯವೇ 360 ಮಿ.ಮೀ. ಆಸುಪಾಸು. ಸುತ್ತು ಪೂರ್ತಿ ಆಗಬೇಕಾದರೆ ಹಲಗೆ ಎರಡೂವರೆ ಅಡಿ ಅಗಲವಾದರೂ ಇರಬೇಕು. ನಿಮ್ಮ ಎರಡಡಿಗೆ ಅದು ಕೂರುವುದಿಲ್ಲ, ಆ ಮಾತು ಬಿಡಿ.

ಎನ್ ಸ್ಕೇಲ್ 1:160, ಹಳಿ 9 ಮಿ.ಮೀ. ಇದರಲ್ಲಿ 249 ಮಿ.ಮೀ. ತ್ರಿಜ್ಯದ ಹಳಿ ಸಿಗುತ್ತದೆ. ವ್ಯಾಸ ಅರ್ಧ ಮೀಟರ್ ಆಯಿತು, ಹಲಗೆಯ ಅಗಲ 61 ಸೆಂ.ಮೀ. ಅಂಚಿಗೆ ಎರಡೂ ಕಡೆ ಐದು ಸೆಂ.ಮೀ. ಆಸುಪಾಸು ಉಳಿಯುತ್ತದೆ. ನಿಮ್ಮ ಜಾಗಕ್ಕೆ ಎನ್ ಬಿಟ್ಟರೆ ಬೇರೆ ಯೋಚನೆ ಬೇಡ.

ಇನ್ನು ಇಂಜಿನ್. ಹತ್ತು ವರ್ಷದಲ್ಲಿ ಹದಿನಾಲ್ಕು ಇಂಜಿನ್ ಕೈಯಲ್ಲಿ ಆಡಿಸಿದ್ದೇನೆ, ಅದರ ಮೇಲೆ ಹೇಳುತ್ತಿದ್ದೇನೆ. ಚಿಕ್ಕ ಹಲಗೆಯ ಮೇಲೆ ಇಂಜಿನ್ ಕೆಡುವುದಕ್ಕಿಂತ ಹೆಚ್ಚಾಗಿ, ಕೆಡದೆಯೇ ನಿಲ್ಲುತ್ತದೆ. ಕರೆಂಟು ಹಳಿಯಿಂದ ಚಕ್ರಕ್ಕೆ, ಚಕ್ರದಿಂದ ಮೋಟಾರಿಗೆ ಹೋಗಬೇಕು. ಎಷ್ಟು ಚಕ್ರ ಕರೆಂಟು ಎತ್ತುತ್ತವೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ನಾಲ್ಕು ಆಕ್ಸಲ್‌ನ ಡೀಸೆಲ್ ಇಂಜಿನ್, ಎಂಟಕ್ಕೆ ಎಂಟೂ ಚಕ್ರ ಕರೆಂಟು ಎತ್ತುವಂಥದ್ದು, ಎಂಟೂ ಮೋಟಾರಿನಿಂದ ತಿರುಗುವಂಥದ್ದು: ಇದನ್ನೇ ಹುಡುಕಿ. ಕೆಲವು ಇಂಜಿನ್‌ಗಳಲ್ಲಿ ಎಳೆಯುವ ಶಕ್ತಿ ಹೆಚ್ಚಲಿ ಅಂತ ಒಂದೆರಡು ಚಕ್ರಕ್ಕೆ ರಬ್ಬರ್ ರಿಂಗ್ ಹಾಕಿರುತ್ತಾರೆ. ರಬ್ಬರ್ ಇರುವ ಚಕ್ರ ಕರೆಂಟು ಎತ್ತುವುದಿಲ್ಲ. ನೀವು ಎಳೆಯುವುದು ಮೂರು ನಾಲ್ಕು ಬೋಗಿ, ಹಲಗೆಯೂ ಮಟ್ಟಸ. ರಬ್ಬರ್ ಇಲ್ಲದ್ದೇ ತೆಗೆದುಕೊಳ್ಳಿ.

ನಾಲ್ಕೇ ಚಕ್ರದ ಪುಟಾಣಿ ಸ್ಟೀಮ್ ಇಂಜಿನ್ ಮಕ್ಕಳಿಗೆ ಮುದ್ದಾಗಿ ಕಾಣುತ್ತದೆ. ಪಾಯಿಂಟ್ ಮೇಲೆ ಮೊದಲು ನಿಲ್ಲುವುದು ಅದೇ.

ಹಳೇಫಿಟ್ಟರ್, ಬಂಗಾರಪೇಟೆ

ನೋಡಪ್ಪ, ನಾನು ದೊಡ್ಡ ಇಂಜಿನ್ ಬಿಚ್ಚಿ ಜೋಡಿಸಿಯೇ ಹೊಟ್ಟೆ ಹೊರೆದವನು. ರಿಟೈರ್ ಆದಮೇಲೆ ಮೊಮ್ಮಗನ ನೆಪದಲ್ಲಿ ಚಿಕ್ಕವುಗಳ ಸಹವಾಸ. ನೀನು ಹೇಳಿದ ‘ಟಕ್’ ಇದೆಯಲ್ಲ, ಅದು ಆಕ್ಸಲ್ ಮೇಲಿನ ಪ್ಲಾಸ್ಟಿಕ್ ಗೇರ್ ಸೀಳಿರುವ ಸದ್ದು. ಗೇರನ್ನು ಆಕ್ಸಲ್ ಮೇಲೆ ಬಿಗಿಯಾಗಿ ಒತ್ತಿ ಕೂರಿಸಿರುತ್ತಾರೆ. ವರ್ಷ ಕಳೆದಂತೆ ಪ್ಲಾಸ್ಟಿಕ್ ಕುಗ್ಗುತ್ತೆ, ಒಳಗಿನ ಕಬ್ಬಿಣ ಕುಗ್ಗಲ್ಲ. ಕೊನೆಗೆ ಎರಡು ಹಲ್ಲಿನ ನಡುವೆ ಕೂದಲೆಳೆಯಷ್ಟು ಬಿರುಕು ಬಿಡುತ್ತೆ. ಆ ಜಾಗದಲ್ಲಿ ಹಲ್ಲುಗಳ ಅಂತರ ಹೆಚ್ಚಾಗಿ, ಸುತ್ತಿಗೊಂದು ಸಲ ಎಡವುತ್ತೆ. ಇಂಜಿನ್ ತಲೆಕೆಳಗೆ ಹಿಡಿದು, ಕೆಳಗಿನ ಮುಚ್ಚಳ ತೆಗೆದು, ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡು. ಗೇರ್ ಮಾತ್ರ ಸಿಕ್ಕರೆ ನಿನ್ನ ಅಲ್ಮೇರಾದ ಇಂಜಿನ್ ಮತ್ತೆ ಎದ್ದು ಓಡುತ್ತೆ. ಫೆವಿಕ್ವಿಕ್ ಹಾಕಬೇಡ, ಎರಡು ದಿನವೂ ನಿಲ್ಲಲ್ಲ.

ಇನ್ನೊಂದು. ಎರಡು ಚಕ್ರದ ಒಳಮೈ ನಡುವಿನ ಅಂತರ ವರ್ನಿಯರ್‌ನಲ್ಲಿ ಅಳೆ. ಎಚ್‌ಒಗೆ ಸುಮಾರು 14.4 ಮಿ.ಮೀ. ಇರಬೇಕು. ಗೇರ್ ಸೀಳಿದರೆ ಚಕ್ರಗಳೂ ಜರುಗಿರುತ್ತವೆ, ಪಾಯಿಂಟ್ ಮೇಲೆ ಹಳಿ ತಪ್ಪೋದು ಅದಕ್ಕೇ.

ಪಾಯಿಂಟ್‌ನಲ್ಲಿ ನಿಲ್ಲೋದಕ್ಕೂ ಕಾರಣ ಇದೆ. ನೀವು ಹವ್ಯಾಸದವರು ಫ್ರಾಗ್ ಅಂತೀರಿ, ನಾವು ರೈಲ್ವೆಯವರು ಕ್ರಾಸಿಂಗ್ ಅಂತೀವಿ. ಎರಡು ಹಳಿ ಕೂಡುವ ಆ ಮೂಗನ್ನು ಕೆಲವು ಪಾಯಿಂಟ್‌ಗಳಲ್ಲಿ ಪ್ಲಾಸ್ಟಿಕ್‌ನಲ್ಲಿ ಮಾಡಿರ್ತಾರೆ. ಅಲ್ಲಿ ಕರೆಂಟಿಲ್ಲ. ಉದ್ದ ಇಂಜಿನ್ ಆದರೆ ಹಿಂದಿನ ಚಕ್ರ ಕರೆಂಟಿರೋ ಹಳಿ ಮೇಲೆ ಇರುತ್ತೆ, ದಾಟಿಬಿಡುತ್ತೆ. ಗಿಡ್ಡ ಇಂಜಿನ್‌ಗೆ ಆ ಅನುಕೂಲ ಇಲ್ಲ. ಮೂಗು ಲೋಹದ್ದೇ ಇರೋ ಪಾಯಿಂಟ್ ತಗೋ, ಇಂಜಿನ್‌ಗೆ ಹಾಕೋ ದುಡ್ಡಿನಲ್ಲಿ ಸ್ವಲ್ಪ ಅಲ್ಲಿಗೆ ಹಾಕು.

ಗುಬ್ಬಿಗೇಟ್, ತುಮಕೂರು

ಯಜಮಾನರೇ, ಈಗಷ್ಟೇ ಬಿಚ್ಚಿ ನೋಡಿದೆ. ನೀವು ಹೇಳಿದ ಹಾಗೇ ಇದೆ. ಎರಡನೇ ಆಕ್ಸಲ್‌ನ ಬಿಳಿ ಗೇರ್‌ನಲ್ಲಿ ಕೂದಲೆಳೆಯಂಥ ಕಪ್ಪು ಗೆರೆ, ಉಗುರಿಗೆ ತಾಕುತ್ತದೆ. ಒಂದು ವರ್ಷ ನಾನು ಮೋಟಾರನ್ನೇ ಬೈದುಕೊಂಡಿದ್ದೆ. ತುಂಬಾ ಉಪಕಾರವಾಯಿತು.

ವೈಡಿಎಂ4, ತಿಪಟೂರು

ಎಲ್ಲಾ ಸರಿ ಸ್ವಾಮಿ, ಆದ್ರೆ ನಮ್ಮ ರೈಲು ಎಲ್ಲಿ? ತುಮಕೂರಿನ ಮನೇಲಿ ಜಪಾನಿನ ಇಂಜಿನ್ನೋ ಅಮೆರಿಕದ ಇಂಜಿನ್ನೋ ಓಡಿದ್ರೆ ಮಗುಗೆ ಏನು ಅನ್ಸುತ್ತೆ? ನಾನು ಹುಟ್ಟಿ ಬೆಳೆದಿದ್ದು ತಿಪಟೂರು ಸ್ಟೇಷನ್ ಹಿಂದಿನ ಬೀದೀಲಿ. ನಮ್ಮ ಮೀಟರ್ ಗೇಜ್‌ನ ವೈಡಿಎಂ4, ಆ ಆಲ್ಕೊ ಡೀಸೆಲ್ ಇಂಜಿನ್ ಹೊಗೆ ಉಗುಳ್ತಾ ಹೊರಟ್ರೆ ನಮ್ಮಜ್ಜಿ ಮನೆ ಕಿಟಕಿ ಗಾಜು ನಡುಗ್ತಿತ್ತು. ಅದು ಬೇಕು ನಂಗೆ, ಅದೇ ಬೇಕು. ಬ್ರಾಡ್ ಗೇಜ್‌ನ ಡಬ್ಲ್ಯುಡಿಎಂ2 ಡೀಸೆಲ್ ಆದ್ರೂ ಆಗ್ಲಿ.

ನಂದಿಹಾಲ್ಟ್, ಚಿಕ್ಕಬಳ್ಳಾಪುರ

ತಿಪಟೂರಣ್ಣ, ನಿಮ್ಮ ಮಾತು ಎದೆಗೆ ತಾಕಿತು. ನನ್ನ ಆಸೆಯೂ ಅದೇ. ಆದರೆ ಲೆಕ್ಕ ನೋಡಿ.

ನಮ್ಮ ಬ್ರಾಡ್ ಗೇಜ್ 1676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 19 ಮಿ.ಮೀ.ಗೂ ಮೇಲೆ ಬರುತ್ತದೆ. ಮಾರುಕಟ್ಟೆಯ ಎಚ್‌ಒ ಹಳಿ 16.5. ಅಂದರೆ ಭಾರತದ ಇಂಜಿನ್ ಮಾಡೆಲ್‌ಗಳು ಹೆಚ್ಚಿನವು ತಮ್ಮ ಮೈಗಿಂತ ಸಣ್ಣ ಹಳಿಯ ಮೇಲೆಯೇ ನಿಂತಿರುತ್ತವೆ. ಅದನ್ನು ಕಣ್ಣು ಒಪ್ಪಿಕೊಳ್ಳುತ್ತದೆ ಅಂತಿಟ್ಟುಕೊಳ್ಳೋಣ, ತಿರುವು ಒಪ್ಪಿಕೊಳ್ಳುವುದಿಲ್ಲ. ಡಬ್ಲ್ಯುಡಿಎಂ2ಕ್ಕೆ ಆರು ಆಕ್ಸಲ್, ಮೂರು ಮೂರು ಒಂದೊಂದು ಚೌಕಟ್ಟಿನಲ್ಲಿ. ಬಿಗಿ ತಿರುವಿನಲ್ಲಿ ನಡುವಿನ ಆಕ್ಸಲ್ ಹಳಿಯನ್ನು ಹೊರಗೆ ಒತ್ತುತ್ತದೆ, ಹಳಿ ತಪ್ಪುವುದು ಅಲ್ಲೇ. ಹಿಂದೆ ಕಟ್ಟುವ, ಚೆನ್ನೈನ ಐಸಿಎಫ್ ಕಾರ್ಖಾನೆಯ ಬೋಗಿಯ ಉದ್ದ 21.3 ಮೀಟರ್, ಎಚ್‌ಒದಲ್ಲಿ ಅದು 245 ಮಿ.ಮೀ. 360ರ ತಿರುವಿನಲ್ಲಿ ಬೋಗಿಯ ಹೊಟ್ಟೆ ಒಳಕ್ಕೂ ಮೂಲೆ ಹೊರಕ್ಕೂ ಎಷ್ಟು ಚಾಚುತ್ತವೆ ಅಂದರೆ ಪ್ಲಾಟ್‌ಫಾರ್ಮ್ ಕಟ್ಟಲು ಜಾಗವೇ ಉಳಿಯುವುದಿಲ್ಲ.

ಹಾಗಾಗಿ ನಾನು ಕಂಡುಕೊಂಡ ದಾರಿ ಇದು: ಒಳಗಿನ ಯಂತ್ರ ನಂಬಿಕಸ್ಥರದ್ದು, ಮೇಲಿನ ಬಣ್ಣ ನಮ್ಮದು. ಅಮೆರಿಕದ ಇಎಂಡಿ ಕಂಪನಿಯ ಜಿಪಿ38 ಥರದ ನಾಲ್ಕು ಆಕ್ಸಲ್ ಇಂಜಿನ್‌ಗಳೂ ನಮ್ಮ ಡೀಸೆಲ್‌ಗಳ ಹಾಗೇ ಉದ್ದ ಮೂತಿ, ಪಕ್ಕದಲ್ಲಿ ನಡೆದಾಡುವ ಹಲಗೆ ಇರುವಂಥವು. ನಮ್ಮ ಡಬ್ಲ್ಯುಡಿಜಿ4 ಸಹ ಇಎಂಡಿ ವಿನ್ಯಾಸದ್ದೇ, 4000 ಅಶ್ವಶಕ್ತಿಯದು. ಕೃಷ್ಣರಾಜಪುರಂ ಡೀಸೆಲ್ ಶೆಡ್‌ನ ಬಣ್ಣ ಹಚ್ಚಿಟ್ಟ ನನ್ನ ಇಂಜಿನ್ ನೋಡಿ ನಂದಿ ಹಾಲ್ಟ್ ಹತ್ತಿರದ ರೈತರೊಬ್ಬರು ‘ನಮ್ಮ ಕೋಲಾರದ ಗಾಡಿ ಅಲ್ವಾ’ ಅಂದರು. ಅಷ್ಟು ಸಾಕಾಯಿತು ನನಗೆ.

ಊರುಗಾಂಲೈನ್, ಕೆಜಿಎಫ್

ಒಂದು ಮಾತು ಸೇರಿಸ್ತೀನಿ. ನಮ್ಮ ಜಿಲ್ಲೆಯ ರೈಲು ಬೇಕು ಅನ್ನೋರಿಗೆ ನ್ಯಾರೋ ಗೇಜ್ ಅನ್ನೋ ಬಾಗಿಲು ತೆರೆದೇ ಇದೆ. ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಹಾಕಿದ ಚಿಕ್ಕ ಹಳಿ 762 ಮಿ.ಮೀ., ಎರಡೂವರೆ ಅಡಿ. ಆಗ ಬಂಗಾರಪೇಟೆಗೆ ಬೌರಿಂಗ್‌ಪೇಟೆ ಅಂತ ಹೆಸರು. ಚಿಕ್ಕಬಳ್ಳಾಪುರದ ಕಡೆಯ ಹಳೇ ಲೈನೂ ಅದೇ ಅಳತೆ. 762ನ್ನು 87ರಿಂದ ಭಾಗಿಸಿ, 8.76 ಬರುತ್ತೆ. ಎನ್ ಹಳಿ 9 ಮಿ.ಮೀ. ಅಂದ್ರೆ ಹಳಿ, ಪಾಯಿಂಟ್, ಚಾಸಿ (ಮೋಟಾರ್, ಚಕ್ರ ಇರೋ ಕೆಳಗಿನ ಚೌಕಟ್ಟು) ಎಲ್ಲಾ ಎನ್‌ದು, ಮೇಲಿನ ದೇಹ, ಮನೆ, ಮರ, ಮನುಷ್ಯರು ಎಚ್‌ಒ ಅಳತೆ. ಬ್ರಾಡ್ ಗೇಜ್‌ನಲ್ಲಿ ಹೊಂದದ ಲೆಕ್ಕ ಇಲ್ಲಿ ಕೂದಲೆಳೆಯಷ್ಟು ಹತ್ತಿರ ಹೊಂದುತ್ತೆ!

ನಾನು ಜಪಾನಿನ ಕಾಟೊ ಕಂಪನಿಯ 11-109 ಸರಣಿಯ ಪುಟ್ಟ ಚಾಸಿ ತರಿಸಿ, ಅದರ ಮೇಲೆ ಕಾರ್ಡ್‌ಶೀಟ್‌ನಲ್ಲಿ ಒಂದು ರೈಲ್‌ಕಾರ್ ಕಟ್ಟಿದ್ದೀನಿ. ಚಿಕ್ಕ ಚಾಸಿಗಳಲ್ಲಿ ಅದರಷ್ಟು ಸಲೀಸಾಗಿ ಓಡಿದ್ದು ನನ್ನ ಕೈಗೆ ಇನ್ನೊಂದು ಸಿಕ್ಕಿಲ್ಲ. ಮೇಲೆ ಒಂದಿಷ್ಟು ತೂಕ ಇಡಬೇಕು, ನಾನು ಮೀನು ಹಿಡಿಯೋ ಗಾಳದ ಸೀಸದ ಗುಂಡು ಅಂಟಿಸಿದೆ. ತೂಕ ಹೆಚ್ಚಿದಷ್ಟು ಚಕ್ರ ಹಳಿಗೆ ಒತ್ತಿ ಕೂರುತ್ತೆ, ಕರೆಂಟು ತಪ್ಪಲ್ಲ. ಸೀಸ ಮುಟ್ಟಿದ ಕೈ ತೊಳೆಯೋದು ಮರೀಬೇಡಿ, ಮಕ್ಕಳ ಕೈಗಂತೂ ಕೊಡಲೇಬೇಡಿ.

ವೈಡಿಎಂ4, ತಿಪಟೂರು

ಇದೇ ಲೆಕ್ಕ ಮೀಟರ್ ಗೇಜ್‌ಗೆ ಹಾಕಿದೆ. 1000 ಭಾಗಿಸು 87, ಹನ್ನೊಂದೂವರೆ. 12 ಮಿ.ಮೀ. ಹಳಿ ಸಿಗುತ್ತೆ ಅಂತ ಗೊತ್ತು. ವೈಡಿಎಂ4 ಅದಕ್ಕೆ ಕೂರುತ್ತೆ ಹಾಗಾದ್ರೆ! ಇವತ್ತು ರಾತ್ರಿ ನಿದ್ದೆ ಬರಲ್ಲ ನಂಗೆ.

ಬೆಸುಗೆಕಡ್ಡಿ, ಕೋಲಾರ

ನಾನು ಎಲೆಕ್ಟ್ರಾನಿಕ್ಸ್ ಓದ್ತಿರೋಳು. ಎಲ್ಲರೂ ಇಂಜಿನ್ ಬಗ್ಗೆನೇ ಮಾತಾಡ್ತಿದ್ದೀರಿ. ಒಳ್ಳೇ ಇಂಜಿನ್‌ನ ಕೆಟ್ಟ ಕಂಟ್ರೋಲರ್ ಸುಟ್ಟುಹಾಕುತ್ತೆ, ಅದಕ್ಕೇ ಬರೀತಿದ್ದೀನಿ.

ಬೆಂಗಳೂರಿನ ಎಸ್‌ಪಿ ರೋಡಲ್ಲಿ 12 ವೋಲ್ಟ್ ಮೋಟಾರಿಗೆ ಅಂತ ಅಗ್ಗದ ಸ್ಪೀಡ್ ಕಂಟ್ರೋಲರ್ ಬೋರ್ಡ್ ಸಿಗುತ್ತೆ. ಅದು ಕರೆಂಟನ್ನ ಕತ್ತರಿಸಿ ಕತ್ತರಿಸಿ ಕೊಡೋ ಥರದ್ದು. ಮಾಮೂಲಿ ಮೋಟಾರಿಗೆ ತೊಂದರೆ ಇಲ್ಲ, ನಿಧಾನ ಓಡಿಸೋಕೆ ಒಳ್ಳೇದೇ. ಆದರೆ ಈಗ ಬರ್ತಿರೋ ಹೊಸ ಇಂಜಿನ್‌ಗಳಲ್ಲಿ ಕೋರ್‌ಲೆಸ್ ಮೋಟಾರ್ ಇರುತ್ತೆ. ಅದರ ಸುರುಳಿ ಒಳಗೆ ಕಬ್ಬಿಣದ ತಿರುಳಿಲ್ಲ, ತುಂಬಾ ಹಗುರ, ಶಾಖ ತಡೆಯೋ ಶಕ್ತಿ ಕಮ್ಮಿ. ಕತ್ತರಿಸೋ ವೇಗ ಕಮ್ಮಿ ಇರೋ ಬೋರ್ಡ್ ಹಾಕಿದ್ರೆ ಜೇನ್ನೊಣದ ಥರ ಗುಂಯ್‌ಗುಟ್ಟುತ್ತೆ, ಬಿಸಿ ಆಗುತ್ತೆ, ಹೋಗುತ್ತೆ. ಕೋರ್‌ಲೆಸ್ ಇದ್ರೆ ನಯವಾದ ಡಿಸಿ ಕೊಡೋ ಕಂಟ್ರೋಲರೇ ಇರಲಿ. ಹಳೇ ಲ್ಯಾಪ್‌ಟಾಪ್ ಚಾರ್ಜರ್ ಬೇಡವೇ ಬೇಡ, ಅದು 19 ವೋಲ್ಟ್. ಎನ್ ಇಂಜಿನ್‌ಗೆ 12 ವೋಲ್ಟ್, ಒಂದು ಆಂಪಿಯರ್ ಅಡಾಪ್ಟರ್ ಧಾರಾಳ ಸಾಕು.

ಡಿಸಿಸಿ (ಒಂದೇ ಹಳಿ ಮೇಲೆ ಹಲವು ಇಂಜಿನ್‌ಗಳನ್ನ ಬೇರೆ ಬೇರೆಯಾಗಿ ನಡೆಸೋ ಡಿಜಿಟಲ್ ಪದ್ಧತಿ) ಬಗ್ಗೆ: ಮೊದಲ ಇಂಜಿನ್‌ಗೆ ಅದರ ಖರ್ಚು ಬೇಡ ಗುಬ್ಬಿಗೇಟ್ ಸರ್. ಒಂದೇ ಇಂಜಿನ್ ಓಡೋ ಹಲಗೆಗೆ ಡಿಸಿ ಸಾಕು. ಆದರೆ ಒಳಗೆ ಡಿಕೋಡರ್ (ಆ ಡಿಜಿಟಲ್ ಆಜ್ಞೆ ಓದೋ ಪುಟ್ಟ ಬೋರ್ಡ್) ಹಾಕೋಕೆ ಜಾಗ ಮಾಡಿರೋ ಇಂಜಿನ್ ತಗೊಳ್ಳಿ. ಎರಡು ವರ್ಷ ಬಿಟ್ಟು ಮಗಳೇ ಕೇಳ್ತಾಳೆ.

ಗುಬ್ಬಿಗೇಟ್, ತುಮಕೂರು

ತಂಗಿ, ಲ್ಯಾಪ್‌ಟಾಪ್ ಚಾರ್ಜರ್ ಹಾಕುವ ಯೋಚನೆ ನಿಜಕ್ಕೂ ಇತ್ತು. ಬರೆದದ್ದಕ್ಕೆ ಥ್ಯಾಂಕ್ಸ್.

ಇನ್ನೊಂದು ಪ್ರಶ್ನೆ. ಜರ್ಮನಿಯಲ್ಲಿರುವ ಸ್ನೇಹಿತನೊಬ್ಬ ಮಾರ್ಕ್ಲಿನ್ ಇಂಜಿನ್ ತರಲಾ ಅಂತ ಕೇಳುತ್ತಿದ್ದಾನೆ. ಒಳ್ಳೆಯ ಹೆಸರಲ್ಲವೇ?

ನಂದಿಹಾಲ್ಟ್, ಚಿಕ್ಕಬಳ್ಳಾಪುರ

ಹೆಸರು ಬಹಳ ದೊಡ್ಡದು, ಆದರೆ ಅವರ ಎಚ್‌ಒ ಪದ್ಧತಿಯೇ ಬೇರೆ. ಎರಡೂ ಹಳಿ ಒಂದೇ ತಂತಿ, ಎರಡನೆಯ ತಂತಿ ನಡುವೆ ಸಾಲಾಗಿರುವ ಮೊಳೆಗಳು, ಇಂಜಿನ್ ಹೊಟ್ಟೆಯ ಕೆಳಗೆ ಅದನ್ನು ಉಜ್ಜಿಕೊಂಡು ಹೋಗುವ ಪಟ್ಟಿ. ನಿಮ್ಮ ಎರಡು ಹಳಿಯ ಡಿಸಿ ಮೇಲೆ ಅದು ಓಡುವುದಿಲ್ಲ. ಸ್ನೇಹಿತರು ತರುವುದಾದರೆ ಎನ್ ಸ್ಕೇಲ್ ಅಂತ ಪೆಟ್ಟಿಗೆ ಮೇಲೆ ಓದಿಯೇ ತರಲಿ.

ತರುವ ಮಾತು ಬಂತಲ್ಲ, ಸುಂಕದ ವಿಷಯವೂ ಹೇಳಿಬಿಡುತ್ತೇನೆ. ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ ಹೋಯಿತು, 2023ರಲ್ಲಿ 70 ಆಯಿತು. ಮಾಡೆಲ್ ರೈಲೂ ಅದೇ ಪಟ್ಟಿಯಲ್ಲಿ ಬರುತ್ತದೆ. ಎಂಟು ಸಾವಿರದ ಇಂಜಿನ್ ಪಾರ್ಸೆಲ್‌ನಲ್ಲಿ ಬಾಗಿಲಿಗೆ ಬರುವಾಗ ಎಷ್ಟಾಗುತ್ತದೆ ನೀವೇ ಲೆಕ್ಕ ಹಾಕಿ. ರಿಪೇರಿಗೆ ವಾಪಸ್ ಕಳಿಸುವ ಮಾತೇ ಇಲ್ಲ. ನಮ್ಮಂಥ ಊರಿನವರಿಗೆ ನಂಬಿಕಸ್ಥ ಇಂಜಿನ್ ಅಂದರೆ, ಕೆಟ್ಟರೆ ನಾವೇ ಬಿಚ್ಚಿ ಸರಿಮಾಡಲು ಬರುವಂಥದ್ದು, ಗೇರ್, ಬ್ರಷ್, ಚಕ್ರ ಬಿಡಿಬಿಡಿಯಾಗಿ ಸಿಗುವಂಥದ್ದು.

ಹಳೇ ಮಾಲು ಕೊಳ್ಳುವವರಿಗೆ ಒಂದೇ ಎಚ್ಚರಿಕೆ. ಸತುವಿನ ಮಿಶ್ರಲೋಹದ ಚಾಸಿಗೆ ಎರಕ ಹೊಯ್ಯುವಾಗ ಸೀಸದಂಥ ಕಲ್ಮಶ ಸೇರಿದ್ದರೆ ವರ್ಷಗಳು ಕಳೆದಂತೆ ಅದು ಒಳಗಿಂದೊಳಗೇ ಉಬ್ಬಿ, ಬಿರಿದು, ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಜಿಂಕ್ ಪೆಸ್ಟ್ ಅನ್ನುತ್ತಾರೆ. ಅದಕ್ಕೆ ಮದ್ದಿಲ್ಲ. ಚಾಸಿಯ ಫೋಟೊ ಕೇಳಿ, ಬಾಗಿದ್ದರೆ, ಮೈ ಒಡೆದಿದ್ದರೆ ಕೈಮುಗಿದು ಬಿಡಿ.

ರೇಷ್ಮೆಗೂಡು, ಶಿಡ್ಲಘಟ್ಟ

ನಾನು ಹೊಸಬ. ಹಳಿ ಪಕ್ಕ ಹಾಕೋಕೆ ಇಲ್ಲಿನ ಕ್ರಷರ್‌ನಿಂದ ಜಲ್ಲಿ ಪುಡಿ ತಂದು ಜರಡಿ ಹಿಡಿದಿದ್ದೀನಿ. ನಿಜವಾದ ಕಲ್ಲು, ನೋಡೋಕೆ ಅದ್ಭುತವಾಗಿದೆ. ಇಂಜಿನ್‌ಗೆ ಏನಾದ್ರೂ ತೊಂದರೆ ಆಗುತ್ತಾ?

ಹಳೇಫಿಟ್ಟರ್, ಬಂಗಾರಪೇಟೆ

ಒಳ್ಳೇ ಸಮಯಕ್ಕೆ ಕೇಳಿದೆ. ಆಯಸ್ಕಾಂತ ಹಿಡಿದು ನೋಡದೆ ಹಾಕಬೇಡ. ನಮ್ಮ ಕಡೆ ಗ್ರಾನೈಟ್‌ನಲ್ಲಿ ಕಬ್ಬಿಣದ ಕಪ್ಪು ಕಣ ಇರುತ್ತೆ. ಹಳೇ ಸ್ಪೀಕರ್‌ನ ಆಯಸ್ಕಾಂತವನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ, ತಟ್ಟೆಯಲ್ಲಿ ಹರಡಿದ ಪುಡಿ ಮೇಲೆ ಆಡಿಸು. ಕವರ್‌ಗೆ ಕಪ್ಪು ಮೀಸೆ ಥರ ಅಂಟಿಕೊಂಡು ಬರುತ್ತೆ. ಕವರ್ ಮಗುಚಿ ಅದನ್ನೆಲ್ಲ ಚೆಲ್ಲು, ಮತ್ತೆ ಆಡಿಸು, ಏನೂ ಅಂಟದ ತನಕ. ಇಂಜಿನ್ ಹೊಟ್ಟೇಲಿ ಇರೋದೂ ಆಯಸ್ಕಾಂತವೇ, ಹಳಿಯಿಂದ ಬೆರಳ ಗಾತ್ರ ಮೇಲೆ. ಆ ಕಣ ಹಾರಿ ಮೋಟಾರ್ ಒಳಗೆ ಕೂತರೆ ಅರೆದುಹಾಕುತ್ತೆ. ಜಲ್ಲಿಯನ್ನು ಫೆವಿಕಾಲ್ ನೀರಿನಲ್ಲಿ ಗಟ್ಟಿ ಕೂರಿಸಿ, ಒಣಗಿದ ಮೇಲೆ ವ್ಯಾಕ್ಯೂಮ್ ಹಿಡಿದು, ಆಮೇಲೆ ಇಂಜಿನ್ ಇಡು.

ವೈಡಿಎಂ4, ತಿಪಟೂರು

ಫಿಟ್ಟರ್ ಅಣ್ಣ, ಎಣ್ಣೆ ಯಾವ್ದು ಹಾಕ್ಲಿ? ನಮ್ಮ ಮನೇಲಿ ಕೊಬ್ಬರಿ ಎಣ್ಣೆಗೆ ಬರ ಇಲ್ಲ.

ಹಳೇಫಿಟ್ಟರ್, ಬಂಗಾರಪೇಟೆ

ತಲೆಗೆ ಹಾಕ್ಕೊಳ್ಳಪ್ಪ, ಇಂಜಿನ್‌ಗೆ ಬೇಡ. 24 ಡಿಗ್ರಿ ಕೆಳಗೆ ಅದು ಹೆಪ್ಪುಗಟ್ಟುತ್ತೆ, ಮಾರ್ಗಶಿರದ ಬೆಳಗ್ಗೆ ನಿಮ್ಮ ಮನೆ ಬಾಟಲಿ ನೋಡಿದ್ದೀಯಲ್ಲ. ಹಳತಾದರೆ ಅಂಟಾಗುತ್ತೆ. ಪ್ಲಾಸ್ಟಿಕ್‌ಗೆ ಹಾನಿ ಮಾಡದ ತೆಳು ಎಣ್ಣೆ ಅಂತ ಬರೆದಿರೋದು ತಗೋ. ಸೂಜಿ ಮೊನೆಯಲ್ಲಿ ಅದ್ದಿ, ಆ ಮೊನೆಯಲ್ಲಿ ನಿಂತ ಹನಿ ಆಕ್ಸಲ್ ತುದಿಗೆ ಮುಟ್ಟಿಸು, ಅಷ್ಟೇ. ಹೆಚ್ಚಾದರೆ ಚಕ್ರಕ್ಕೆ ಹರಿದು ಹಳಿಗೆ ಬಳಿದುಕೊಂಡು, ಅದರ ಮೇಲೆ ಧೂಳು ಕೂತು, ಕರೆಂಟೇ ನಿಲ್ಲುತ್ತೆ.

ಊರುಗಾಂಲೈನ್, ಕೆಜಿಎಫ್

ಹಳಿ ಬಗ್ಗೆ ಯಾರೂ ಹೇಳಲಿಲ್ಲ. ಹಿತ್ತಾಳೆ ಹಳಿ ಅಗ್ಗ ಅಂತ ಹೋಗಬೇಡಿ, ಅದರ ಕಿಲುಬು ಕರೆಂಟು ಬಿಡಲ್ಲ. ನಿಕಲ್ ಸಿಲ್ವರ್ ಅಂತ ಬರೆದಿರೋದು ತಗೊಳ್ಳಿ. ಅದು ನಮ್ಮ ಅಮ್ಮಂದಿರ ಕುಂಕುಮದ ಬಟ್ಟಲಿನ ಜರ್ಮನ್ ಸಿಲ್ವರೇ, ಬೆಳ್ಳಿ ಚೂರೂ ಇಲ್ಲ, ತಾಮ್ರ, ನಿಕಲ್, ಸತು. ಒರೆಸೋಕೆ ಐಸೋಪ್ರೊಪೈಲ್ ಆಲ್ಕೋಹಾಲ್, ಹಳೇ ಹತ್ತಿ ಬನಿಯನ್ ತುಂಡು. ಉಪ್ಪುಕಾಗದ ಹಾಕಿ ಉಜ್ಜಬೇಡಿ, ಗೀರಿನಲ್ಲಿ ಕೊಳೆ ಮನೆ ಮಾಡುತ್ತೆ.

ಗುಬ್ಬಿಗೇಟ್, ತುಮಕೂರು

ಏಳು ವಾರ ಆಯಿತು, ಬರೆಯದೆ ಇದ್ದದ್ದಕ್ಕೆ ಕ್ಷಮೆ ಇರಲಿ. ಅಮೆರಿಕದಿಂದ ಬಂದ ಸೋದರತ್ತೆಯ ಮಗನ ಕೈಯಲ್ಲಿ ಕಾಟೊ ಎನ್‌ಡಬ್ಲ್ಯು2 ತರಿಸಿದೆ. ಯಾರ್ಡಿನಲ್ಲಿ ಬೋಗಿ ಜರುಗಿಸುವ ನಾಲ್ಕು ಆಕ್ಸಲ್ ಡೀಸೆಲ್, ನನ್ನ ನಡುಬೆರಳಿನಷ್ಟು ಉದ್ದ. ಎಂಟೂ ಚಕ್ರ ಕರೆಂಟು ಎತ್ತುತ್ತವೆ, ರಬ್ಬರ್ ಇಲ್ಲ. ಕೈಯಲ್ಲಿ ಹಿಡಿದರೆ ಗಾತ್ರಕ್ಕೆ ಮೀರಿದ ಭಾರ.

ಫಿಟ್ಟರ್ ಯಜಮಾನರು ಫೋಟೊ ನೋಡಿ ಮೆಸೇಜಿನಲ್ಲಿ ಹೇಳಿದಂತೆ ಬೋಗಿ ಕಟ್ಟದೆ ಮುಂದಕ್ಕೆ ಅರ್ಧ ಗಂಟೆ, ಹಿಂದಕ್ಕೆ ಅರ್ಧ ಗಂಟೆ ಓಡಿಸಿದೆವು. ಆಮೇಲೆ ನಿಧಾನದ ಪರೀಕ್ಷೆ. ನಿಜದ ಇಂಜಿನ್ ಗಂಟೆಗೆ 10 ಕಿ.ಮೀ. ಹೋದರೆ ಎನ್ ಸ್ಕೇಲಿನಲ್ಲಿ ಒಂದಡಿ ದಾಟಲು ಹದಿನೇಳೂವರೆ ಸೆಕೆಂಡ್ ಬೇಕು ಅಂತ ನಂದಿಹಾಲ್ಟ್ ಲೆಕ್ಕ ಹಾಕಿ ಕೊಟ್ಟಿದ್ದರು. ಮಗಳು ಸ್ಕೇಲ್ ಇಟ್ಟು ಎರಡು ಕಡೆ ಸೀಮೆಸುಣ್ಣದ ಗುರುತು ಹಾಕಿದಳು, ನಡುವೆ ಪಾಯಿಂಟ್ ಬರುವ ಹಾಗೆ. ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಅವಳ ಕೈಯಲ್ಲಿ, ಕಂಟ್ರೋಲರ್ ನನ್ನ ಕೈಯಲ್ಲಿ. ಇಂಜಿನ್ ಮೂಗು ಪಾಯಿಂಟಿಗೆ ಬಂತು, ದೀಪ ಮಿಣುಕಲಿಲ್ಲ, ಸದ್ದು ಬದಲಾಗಲಿಲ್ಲ, ಹಾಗೇ ತೆವಳಿಕೊಂಡು ಆಚೆ ಬಂತು. ಹತ್ತೊಂಬತ್ತು ಸೆಕೆಂಡ್. ನಮ್ಮ ತಂದೆ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ‘ಇನ್ನೊಂದು ಸಲ ಬಿಡು’ ಅಂದರು. ಎಂಟು ಸಲ ಬಿಟ್ಟೆವು, ಎಂಟು ಸಲವೂ ಮಗಳ ಬೆರಳು ತಾಕಲಿಲ್ಲ.

ಹಳೇ ಎಚ್‌ಒ ಇಂಜಿನ್‌ಗೆ ಗೇರ್ ಸಿಕ್ಕಿದೆ. ಆಕ್ಸಲ್‌ನಿಂದ ಚಕ್ರ ಕಳಚುವುದು ಹೇಗೆ ಅಂತ ಯಾರಾದರೂ ಹೇಳಿಕೊಡಿ.

ಹಳೇಫಿಟ್ಟರ್, ಬಂಗಾರಪೇಟೆ

ಸುತ್ತಿಗೆ ಮುಟ್ಟಬೇಡ. ಚಕ್ರ ಹಿಡಿದು ನಿಧಾನ ತಿರುಗಿಸುತ್ತಾ ಎಳೆ, ಓರೆ ಮಾಡದೆ. ಬರದಿದ್ದರೆ ಬಲವಂತ ಬೇಡ. ಭಾನುವಾರ ತುಮಕೂರಿಗೆ ನೆಂಟರ ಮನೆಗೆ ಬರ್ತೀನಿ, ನನ್ನ ಹತ್ತಿರ ಪುಟ್ಟ ಪುಲ್ಲರ್ ಇದೆ, ತರ್ತೀನಿ. ಮಗಳಿಗೆ ಹೇಳು, ಕಳಚೋದು ಅವಳ ಕೈಯಲ್ಲೇ.